ಮೊದಲ ಸಾಲೇ ಫೈಲಿನ ಹೆಸರು

ನಮ್ಮ ಕಡೆ ದೇವರ ಹೆಸರಿಲ್ಲದೆ ಒಂದು ಕಾಗದವೂ ಶುರುವಾಗಲ್ಲ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು ಬಿಡಿ, ಅವು ದೇವರ ಕೆಲಸವೇ. ಬೀದಿ ದೀಪ ಕೆಟ್ಟಿದೆ ಅಂತ ಪಂಚಾಯ್ತಿಗೆ ಕೊಡೋ ಅರ್ಜಿಗೂ ನೆತ್ತಿ ಮೇಲೊಂದು ಶ್ರೀ ಬೇಕು. ಒಂದು ಸಲ ಒಬ್ಬ ಯಜಮಾನರು ಪಕ್ಕದ ಗದ್ದೆಯವನ ಮೇಲೆ ದೂರು ಟೈಪ್ ಮಾಡಿಸೋಕೆ ಬಂದಿದ್ದರು. "ಮೇಲ್ಗಡೆ ಮುತ್ತತ್ತಿರಾಯನ ಎಸ್ರು ಆಕವ್ವ, ಕೆಳಗಡೆ ಆ ನನ್ಮಗನ ಜನ್ಮ ಜಾಲಾಡು" ಅಂದರು. ನಾನು ಎರಡನ್ನೂ ಶ್ರದ್ಧೆಯಿಂದ ಮಾಡಿಕೊಟ್ಟೆ.

ಮದ್ದೂರು ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೇಲಿ ನಂದೊಂದು ಡಿಟಿಪಿ ಅಂಗಡಿ ಇದೆ. ಹುಟ್ಟಿದ್ದು ದುದ್ದದಲ್ಲಿ, ಮದುವೆಯಾಗಿ ಬಂದಿದ್ದು ಮದ್ದೂರಿಗೆ, ಅಂಗಡಿ ಹಾಕಿದ್ದು ಮಧ್ಯಾಹ್ನವೆಲ್ಲ ಅತ್ತೆ ಜೊತೆ ಕೂತು ಧಾರಾವಾಹಿ ನೋಡೋಕಾಗದೆ. ಟೈಪ್ ಮಾಡೋದು, ಪುಟ ಕಟ್ಟೋದು, ಜೆರಾಕ್ಸು, ಲ್ಯಾಮಿನೇಷನ್ನು, ಎಲ್ಲ ಉಂಟು. ಕಾರ್ಡು ಮಾತ್ರ ಇಲ್ಲಿ ಅಚ್ಚಾಗಲ್ಲ. ಡಿಸೈನ್ ಮಾಡಿ, ಪಿಡಿಎಫ್ ಮಾಡಿ ಮಂಡ್ಯದ ಒಂದು ಪ್ರೆಸ್ಸಿಗೆ ಕಳಿಸ್ತೀನಿ. ಅವರು ಅಚ್ಚು ಹಾಕಿ ಬಂಡಲ್ ಕಟ್ಟಿ ಬಸ್ಸಿಗೆ ಹಾಕ್ತಾರೆ, ನಾನು ಇಲ್ಲಿ ಇಳಿಸ್ಕೋತೀನಿ.

ಈ ಕೆಲಸದಲ್ಲಿ ಯಾವಾಗಲೂ ಒಂದಕ್ಕೆ ಎರಡು ಫೈಲು. ನಾನು ಕೂತು ಅಕ್ಷರ ಜೋಡಿಸಿ ಮಾಡೋದು ಒಂದು. ಪ್ರೆಸ್ಸಿಗೆ ಕಳಿಸೋಕೆ ಅಂತ ಅದರಿಂದ ಸಾಫ್ಟ್‌ವೇರು ಮಾಡಿಕೊಡೋ ಪಿಡಿಎಫ್ಫು ಇನ್ನೊಂದು. ಹಿಟ್ಟು ಬೇರೆ, ಮುದ್ದೆ ಬೇರೆ ಅಂತಿಟ್ಕೊಳ್ಳಿ. ಹಿಟ್ಟಿನ ಡಬ್ಬದ ಮೇಲೆ ಏನು ಬರೀಬೇಕು ಅನ್ನೋದು ನನ್ನ ಕೈಲಿತ್ತು. ಮುದ್ದೆಗೆ ಹೆಸರಿಡೋ ಅಧಿಕಾರ ಮಾತ್ರ ಸಾಫ್ಟ್‌ವೇರಿಂದು.

ನಾನು ಶುರು ಮಾಡಿದ ಕಾಲದ ಸಾಫ್ಟ್‌ವೇರು ಸಾಧುಪ್ರಾಣಿ. ನಾನು ಏನು ಹೆಸರು ಕೊಟ್ಟಿದ್ದೀನೋ ಅದನ್ನೇ ಇಟ್ಟು, ಬಾಲ ಒಂದು ಪಿಡಿಎಫ್ ಅಂತ ಬದಲಾಯಿಸ್ತಿತ್ತು, ಅಷ್ಟೆ. ಆಮೇಲೆ ಹಾಕಿಸಿದ್ದಕ್ಕೆ ಬುದ್ಧಿ ಜಾಸ್ತಿಯಾಯ್ತು. ಇವಳಿಟ್ಟ ಹೆಸರು ಯಾಕೆ, ನಾನೇ ನೋಡ್ತೀನಿ ಅಂತ ಕಾಗದದೊಳಗೆ ಇಣುಕಿ, ಮೊದಲ ಸಾಲು ಏನು ಕಂಡಿತೋ ಅದನ್ನೇ ಎತ್ತಿ ಪಿಡಿಎಫ್ಫಿಗೆ ಹೆಸರು ಮಾಡಿಬಿಡೋದು. ಇದನ್ನ ಬರೆದ ಪುಣ್ಯಾತ್ಮ ಯಾವ ದೇಶದವನೋ ಏನೋ. ಅವರ ಕಡೆ ಮೊದಲ ಸಾಲಲ್ಲಿ ತಲೆಬರಹ ಇರುತ್ತೆ. ನಮ್ಮ ಕಡೆ ಮೊದಲ ಸಾಲಲ್ಲಿ ದೇವರು ಕೂತಿರ್ತಾನೆ ಅಂತ ಅವನಿಗೆ ಹೇಳೋರು ಯಾರು?

ಹಂಗಾಗಿ ನನ್ನ ಕಂಪ್ಯೂಟರಿನ ಆ ಫೋಲ್ಡರ್ ತೆರೆದರೆ ಜಿಲ್ಲೆಯ ದೇವರೆಲ್ಲ ಸಾಲಾಗಿ ಕೂತಿರೋರು. ಮದ್ದೂರಮ್ಮ, ಹೊಳೆ ಆಂಜನೇಯ, ಮಳವಳ್ಳಿಯ ದಂಡಿನ ಮಾರಮ್ಮ, ಮಂಡ್ಯದ ಕಾಳಿಕಾಂಬ, ಮೇಲುಕೋಟೆಯ ಚೆಲುವರಾಯ. ಒಂದಿನ ನಮ್ಮತ್ತೆ ಊಟದ ಡಬ್ಬಿ ತಂದವರು ಪರದೆ ನೋಡಿ ಗಾಬರಿಯಾಗಿ ಚಪ್ಪಲಿ ಬಿಟ್ಟು ಕೈ ಮುಗಿದರು. "ಪರವಾಗಿಲ್ಲ ಕಣಮ್ಮ, ಅಂಗ್ಡಿ ಅಂದ್ಕಂಡ್ರೆ ದೇವಸ್ಥಾನವೇ ಮಡಿಕಂಡಿದ್ದೀಯ" ಅಂದರು. ಅವತ್ತಿಂದ ಅವರು ಅಂಗಡಿಗೆ ಬಂದಾಗ ನನ್ನನ್ನ ಸ್ವಲ್ಪ ಮರ್ಯಾದೆಯಿಂದ ಮಾತಾಡಿಸೋರು. ಮನೇಲಿ ಮಾಮೂಲಿ.

ಆ ಸಾಫ್ಟ್‌ವೇರು ಹೊಸದಾಗಿ ಬಂದಾಗ ಹಳೇ ಕನ್ನಡ ಫಾಂಟುಗಳ ಕಾಲ, ಅದು ಇನ್ನೂ ಚೆಂದ ಇತ್ತು. ಆಗ ಪರದೆ ಮೇಲೆ ಮಾತ್ರ ಕನ್ನಡ, ಒಳಗಡೆ ಎಲ್ಲ ಚಿತ್ರವಿಚಿತ್ರ ಗೀಚು. ಶ್ರೀ ಅಂತ ಬರೆದಿದ್ದು ಫೈಲಿನ ಹೆಸರಿಗೆ ಹೋಗೋ ಹೊತ್ತಿಗೆ ಒಂದು ಪುಟಾಣಿ ಎರಡರ ಅಂಕಿ, ಅದರ ಪಕ್ಕ ಒಂದಕ್ಕೊಂದು ಅಂಟಿಕೊಂಡ ಎರಡು ಇಂಗ್ಲಿಷ್ ಅಕ್ಷರ, ಅದರ ಪಕ್ಕ ಟೋಪಿ ಹಾಕ್ಕೊಂಡ ಒಂದು ಎ ಆಗಿಬಿಡೋದು. ಯಾವ ಫೈಲು ನೋಡಿದರೂ ಪುಟಾಣಿ ಎರಡರಿಂದಲೇ ಶುರು. ನಾನೂ ಕಾಲಕ್ರಮೇಣ ಆ ಗೀಚು ಓದೋದು ಕಲಿತೆ. ಅದರಿಂದ ಗಿರಾಕಿ ಹೆಚ್ಚಲಿಲ್ಲ, ಸಂಬಳ ಬರಲಿಲ್ಲ, ಆದರೂ ಕಲಿತೆ.

ಇನ್ನೂ ಒಂದು ಜಾತಿ ಸಾಫ್ಟ್‌ವೇರು ಇದೆ. ಹೊರಗಡೆ ಹೆಸರು ನೀವು ಹೇಳಿದ್ದೇ ಇಟ್ಟರೂ ಒಳಗಡೆ ಹಳೇ ಹೆಸರು ಇಟ್ಕೊಂಡಿರುತ್ತೆ. ಭಾರತೀನಗರದ ಕಾಲೇಜು ಹುಡುಗ್ರು ಪ್ರಾಜೆಕ್ಟ್ ರಿಪೋರ್ಟು ಮಾಡಿಸೋಕೆ ಬರೋರು. ಮಾಡಿಸೋದು ಅಂದರೇನು, ಸೀನಿಯರಿನ ಫೈಲು ತಂದು ಹೆಸರು ಬದಲಾಯಿಸೋದು. ಒಬ್ಬನಿಗೆ ನಾನು ಬದಲಾಯಿಸಿಕೊಟ್ಟೆ, ಮೊದಲ ಪುಟ, ಕೊನೇ ಪುಟ, ಕೃತಜ್ಞತೆ, ಎಲ್ಲ. ಅವನು ಕಾಲೇಜಲ್ಲಿ ದೊಡ್ಡ ಪರದೆ ಮೇಲೆ ತೆರೆದರೆ ಮೇಲ್ಗಡೆ ಪಟ್ಟೀಲಿ ಸೀನಿಯರಿನ ಹೆಸರು ದಪ್ಪಗೆ ಕಂಡಿತಂತೆ. ಮಾರನೇ ದಿನ ಬಂದು "ಅಕ್ಕಾ, ಮಾನ ಕಳದ್ಬುಟ್ಯಲ್ಲ" ಅಂತ ನನ್ನ ಮೇಲೇ ಹಾರಾಡಿದ. "ಲೇ, ಮಾನ ಇದ್ದಿದ್ರೆ ನೀನೇ ಬರ್ಕಂಬತ್ತಿದ್ದೆ ಕಣ್ಲಾ, ಓಗ್ಲಾ" ಅಂತ ಕಳಿಸಿದೆ. ಅದೇ ಥರ ಒಂದು ತಿಥಿ ಕಾರ್ಡನ್ನ ಮದುವೆ ಕಾರ್ಡಿನ ಹಳೇ ಫೈಲಿನಿಂದ ಮಾಡಿದ್ದಕ್ಕೆ, ಸತ್ತವರ ಮಗ ಫೋನಲ್ಲಿ ತೆರೆದರೆ ಮೇಲ್ಗಡೆ "ಶುಭ ವಿವಾಹ" ಅಂತ ಬಂತು. ಅದಕ್ಕೆ ಬೈಸಿಕೊಂಡಿದ್ದು ಮಾತ್ರ ನ್ಯಾಯವೇ, ನಾನೂ ತಲೆ ತಗ್ಗಿಸಿಕೊಂಡು ಬೈಸಿಕೊಂಡೆ.

ಸರಿ, ಮೊದಲ ಸಾಲಿನ ವಿಷಯಕ್ಕೆ ಬರ್ತೀನಿ. ನಮ್ಮ ಕಡೆ ಒಂದೇ ಮನೆದೇವರಿಗೆ ಎಷ್ಟೋ ಊರಿನ ಒಕ್ಕಲು ಇರ್ತಾರೆ. ದೇವರು ಒಂದೇ ಆದರೆ ಮೊದಲ ಸಾಲೂ ಒಂದೇ, ಮೊದಲ ಸಾಲು ಒಂದೇ ಆದರೆ ಪಿಡಿಎಫ್ಫಿನ ಹೆಸರೂ ಒಂದೇ. ಹಂಗಾದಾಗ ಸಾಫ್ಟ್‌ವೇರು ಕೇಳೋದು, ಇದೇ ಹೆಸರಿನದು ಆಗಲೇ ಒಂದಿದೆ, ಅದನ್ನ ತೆಗೆದು ಇದನ್ನ ಇಡಲಾ ಅಂತ. ಇಡಪ್ಪ ಅಂತ ಒತ್ತಬೇಕು. ಮದುವೆ ಕಾಲದಲ್ಲಿ ಇಡೀ ದಿನ ಇದೇ ಕೇಳಿ ಕೇಳಿ ನನಗೆ ತಲೆ ಕೆಟ್ಟುಹೋಯ್ತು. ಕೆಳಗಡೆ "ಇನ್ನು ಕೇಳಬೇಡ" ಅನ್ನೋ ಚೌಕ ಇತ್ತು, ಟಿಕ್ ಹಾಕಿದೆ. ಪ್ರೆಸ್ಸಿಗೆ ಕಳಿಸಿಯಾದ ಮೇಲೆ ಹಳೇ ಪಿಡಿಎಫ್ಫು ಇದ್ದರೆಷ್ಟು ಹೋದರೆಷ್ಟು? ಮುದ್ದೆ ಹೋದರೆ ಹೋಗಲಿ, ಹಿಟ್ಟು ನನ್ನ ಹತ್ರ ಇದೆಯಲ್ಲ.

ಇಷ್ಟು ಪೀಠಿಕೆ ಹಾಕಿದ್ದು ಗಾರ್ಮೆಂಟ್ಸ್ ಅಕ್ಕನ ಮಗಳ ಮದುವೆ ಕಾರ್ಡಿನ ಮಾತು ಹೇಳೋಕೆ.

ಅವಳನ್ನ ನಾನು ಕರೀತಿದ್ದಿದ್ದೇ ಹಂಗೆ. ಬೆಸಗರಹಳ್ಳಿ ಕಡೆಯವಳು, ಗಾರ್ಮೆಂಟ್ಸ್ ಫ್ಯಾಕ್ಟ್ರೀಲಿ ಹೊಲಿಗೆ ಕೆಲಸ. ಸಂಜೆ ಮದ್ದೂರಲ್ಲಿ ಇಳಿದು ಊರಿನ ಬಸ್ಸಿಗೆ ಕಾಯೋ ಹೊತ್ತಲ್ಲಿ ನನ್ನ ಅಂಗಡಿ ಬೆಂಚಿನ ಮೇಲೆ ಕೂತ್ಕೊಳ್ಳೋಳು. ಮಗಳ ಮಾರ್ಕ್ಸ್ ಕಾರ್ಡು, ಜಾತಿ ಸರ್ಟಿಫಿಕೇಟು, ಸ್ಕಾಲರ್‌ಶಿಪ್ಪು, ಎಲ್ಲದರ ಜೆರಾಕ್ಸೂ ನನ್ನಲ್ಲೇ ಆಗಿದ್ದು. ಆ ಹುಡುಗಿ ಹತ್ತನೇ ಕ್ಲಾಸಿಂದ ನರ್ಸಿಂಗ್ ಮುಗಿಸೋವರೆಗೂ ನನ್ನ ಮಿಷನ್ನಿನ ಬೆಳಕಲ್ಲೇ ಬೆಳೆದಳು ಅಂದರೆ ತಪ್ಪಲ್ಲ.

ಆ ಹುಡುಗಿ ಅಂಬೆಗಾಲಿಡೋವಾಗ ಅವಳಪ್ಪ ಮನೆ ಬಿಟ್ಟು ಹೋಗಿದ್ದ. ಸತ್ತಿಲ್ಲ, ಸಾಧುವಾಗಿಲ್ಲ. ಮಳವಳ್ಳಿ ಕಡೆ ಒಂದೂರಲ್ಲಿ ಇನ್ನೊಂದು ಸಂಸಾರ ಮಾಡ್ಕೊಂಡು, ಎರಡು ಹಸ ಕಟ್ಕೊಂಡು ಚೆನ್ನಾಗೇ ಇದ್ದ. ಮಗಳನ್ನ ಒಂದಿನ ತಿರುಗಿ ನೋಡಿದೋನಲ್ಲ. ಅಕ್ಕ ಅವನ ಬಗ್ಗೆ ಮಾತಾಡ್ತಾನೇ ಇರಲಿಲ್ಲ. ನಾನೇ ಒಂದು ಸಲ ಕೆದಕಿದ್ದಕ್ಕೆ "ಅವನ್ಯಾಕ್ ಬುಡವ್ವ, ಬಸ್ ಬಂತೇನೋ ನೋಡು" ಅಂದಿದ್ದಳು.

ಮಳವಳ್ಳಿಯ ಒಂದು ಒಳ್ಳೇ ಮನೆಯವರು ಹುಡುಗೀನ ಒಪ್ಪಿದರು. ಅವತ್ತು ಅಕ್ಕ ಅಂಗಡಿಗೆ ಬಂದಾಗ ಮುಖ ಹೊಳೀತಿತ್ತು. ಬೆಂಚಿನ ಮೇಲೆ ಕೂರಲೇ ಇಲ್ಲ, ಸೀದಾ ಕಂಪ್ಯೂಟರ್ ಪಕ್ಕ ಬಂದು ನಿಂತಳು. ಮೊದಲ ಸಾಲಿಗೆ "ಶ್ರೀ ಉಗ್ರನರಸಿಂಹಸ್ವಾಮಿ ಪ್ರಸನ್ನ" ಹಾಕಿಸಿದಳು, ಅದು ಅವರ ಮನೆದೇವರು. ಹುಡುಗ, ಹುಡುಗಿ, ಮುಹೂರ್ತ, ಛತ್ರ, ಎಲ್ಲ ಹೇಳಿದಳು. ಕರೆಯೋರ ಜಾಗ ಬಂತು. ನನ್ನ ಹಳೇ ಕಾರ್ಡಿನಲ್ಲಿ ಅಲ್ಲಿ "ಶ್ರೀಮತಿ ಮತ್ತು ಶ್ರೀ" ಅಂತ ಸಿದ್ಧವಾಗಿ ಕೂತಿರುತ್ತೆ, ಹೆಸರು ತುಂಬಿಸಿದರೆ ಮುಗೀತು.

"ಅಲ್ಲಿ ನನ್ನೆಸ್ರು ಒಂದೇ ಆಕವ್ವ" ಅಂದಳು.

ನಾನು ತಿರುಗಿ ನೋಡಿದೆ. ಅವಳು ಪರದೆ ನೋಡ್ತಿದ್ದಳು.

"ಸಾಕಿದ್ದು ನಾನು. ಕರಿಯೋಳೂ ನಾನೇ. ನಾನೇನ್ ಸುಳ್ ಏಳ್ತಿಲ್ವಲ್ಲ."

"ನೀನು ಹೇಳೋದು ನೂರಕ್ಕೆ ನೂರು ನಿಜ ಅಕ್ಕ" ಅಂತ "ಮತ್ತು ಶ್ರೀ" ಅನ್ನೋದನ್ನ ಅಳಿಸಿ ಅವಳ ಹೆಸರು ಮಾತ್ರ ಉಳಿಸಿದೆ. ಅಳಿಸೋವಾಗ ನನಗೆ ಎಂಥದೋ ಖುಷಿಯಾಯ್ತು, ಸುಳ್ಳು ಹೇಳಲ್ಲ. ಅವಳು ಬಗ್ಗಿ ನೋಡಿ "ಒಬ್ಳೇ ಆದ್ರೆ ಎಷ್ಟೊಂದು ಜಾಗ ಐತೆ ನೋಡವ್ವ" ಅಂತ ನಕ್ಕಳು. ಆ ಫೈಲಿಗೆ ನಾನು "ಅಕ್ಕ" ಅಂತ ಹೆಸರಿಟ್ಟೆ. ತನ್ನ ಅಣ್ಣನಿಗೊಂದು ಮಾತು ಹೇಳಿ ಬಂದು ಪ್ರೆಸ್ಸಿಗೆ ಕಳಿಸೋಣ ಅಂತ ಹೇಳಿ ಹೋದಳು.

ಮಾರನೇ ದಿನ ಬೆಳಗ್ಗೆ ಅಂಗಡಿ ಬಾಗಿಲು ತೆಗೀತಿದ್ದ ಹಾಗೇ ಅವರಣ್ಣ ಬಂದರು. ಅದೇ ಊರಲ್ಲಿ ಗದ್ದೆ ಇರೋ ಗಟ್ಟಿ ಆಸಾಮಿ, ಬಿಳೀ ಪಂಚೆ, ಹೆಗಲ ಮೇಲೆ ಟವೆಲ್ಲು. ಗಂಡ ಬಿಟ್ಟಾಗ ತಂಗೀನ ಕರ್ಕೊಂಡು ಬಂದು ಮನೆ ಪಕ್ಕದಲ್ಲೇ ಜಾಗ ಕೊಟ್ಟೋರು ಅವರೇ. ತಂಗಿ ಮಗಳನ್ನ ಸೈಕಲ್ ಮೇಲೆ ಸ್ಕೂಲಿಗೆ ಬಿಟ್ಟುಬರ್ತಿದ್ದಿದ್ದೂ ಅವರೇ. ಅದೆಲ್ಲ ನನಗೂ ಗೊತ್ತಿತ್ತು. ಆದರೂ ಅವತ್ತು ಅವರ ಮಾತು ಕೇಳಿ ನನಗೆ ಮೈಯೆಲ್ಲ ಉರಿದುಹೋಯ್ತು.

"ಏನವ್ವಾ, ಅಪ್ಪ ಬದ್ಕಿರೋವಾಗ್ಲೇ ಅಪ್ಪನ ಎಸ್ರಿಲ್ದೆ ಲಗ್ನಪತ್ರಿಕೆ ಒಡುಸ್ತಾರೇನವ್ವಾ? ಗಂಡಿನ ಕಡೆಯೋರು ಏನನ್ಕಂಡಾರು? ಅವನೆಸ್ರು ಆಕು. ಶ್ರೀಮತಿ ಮತ್ತು ಶ್ರೀ ಅಂತ್ಲೇ ಆಕು."

"ಅಣ್ಣಾ, ಆ ಅಪ್ಪ ಮಗಳ ನಾಮಕರಣಕ್ಕಾದ್ರೂ ಇದ್ದನಾ?" ಅಂದೆ. ನನ್ನ ನಾಲಗೆ ನನ್ನ ಮಾತು ಯಾವತ್ತು ಕೇಳಿದೆ?

"ಅದೆಲ್ಲ ನಿಂಗ್ಯಾಕೆ? ನೀನು ಟೈಪ್ ಒಡಿಯೋಳು, ಟೈಪ್ ಒಡಿ" ಅಂದರು. ಆಮೇಲೆ ಸ್ವಲ್ಪ ದನಿ ಇಳಿಸಿ, "ಅವನೆಸ್ರಿಲ್ದಿದ್ರೆ ನಾನು ಚಪ್ಪರದ ಒಳೀಕ್ ಕಾಲಿಡಕ್ಕಿಲ್ಲ, ನನ್ ತಂಗಿಗೂ ಏಳಿದ್ದೀನಿ" ಅಂದರು.

ಹಲ್ಲು ಕಚ್ಚಿಕೊಂಡು ಇನ್ನೊಂದು ಫೈಲು ಮಾಡಿದೆ. ಅದೇ ದೇವರು, ಅದೇ ಹುಡುಗಿ, ಅದೇ ಛತ್ರ. ಕರೆಯೋರ ಜಾಗದಲ್ಲಿ ಮಾತ್ರ ಇಲ್ಲದಿರೋನ ಹೆಸರು ಬಂದು ಕೂತಿತು. ಅದಕ್ಕೆ "ಅಣ್ಣ" ಅಂತ ಹೆಸರಿಟ್ಟೆ. ಬಾಯಿಗೆ ಬಂದ ಇನ್ನೊಂದು ಹೆಸರಿತ್ತು, ಅದನ್ನ ಇಡಲಿಲ್ಲ.

ಸಂಜೆ ಅಕ್ಕ ಬಂದಳು. ಎರಡನ್ನೂ ಪಕ್ಕ ಪಕ್ಕ ಇಟ್ಟು ತೋರಿಸಿದೆ. "ನೀನು ಹೇಳಿದ್ದನ್ನೇ ಕಳಿಸ್ತೀನಿ ಅಕ್ಕ, ಅವರು ಎರಡು ದಿನ ಮುಖ ಊದಿಸ್ಕೋತಾರೆ, ಆಮೇಲೆ ಸರಿ ಹೋಗ್ತಾರೆ" ಅಂದೆ.

"ಇಲ್ಲ ಕಣವ್ವ. ಧಾರೆ ಎರೀಬೇಕಾದೋರು ಅಣ್ಣ ಅತ್ಗೆ. ಅವರೇ ಬರ್ಲಿಲ್ಲ ಅಂದ್ರೆ ಮಗ್ಳು ಮಂಟಪದಲ್ಲಿ ಅತ್ಕಂಡ್ ಕೂತಿರ್ತಾಳೆ. ಅಣ್ಣಂದೇ ಕಳ್ಸು." ಅಷ್ಟು ಹೇಳಿ ಸೆರಗಲ್ಲಿ ಮುಖ ಒರೆಸಿಕೊಂಡಳು. "ಕಾರ್ಡು ಎಷ್ಟ್ ದಿನ ಇದ್ದಾತು? ಮದ್ವೆ ಆದ್ಮೇಲೆ ಒಲೆ ಅಂಟ್ಸಕ್ಕೆ ಆಯ್ತದೆ."

ನನಗೆ ಅಳು ಬರೋ ಹಾಗಾಯ್ತು, ಅಳೋ ಬದಲು ಮೌಸನ್ನ ಕುಟ್ಟಿದೆ. ಅವಳ ಮುಂದೇನೇ "ಅಣ್ಣ" ಅನ್ನೋ ಫೈಲಿಂದ ಪಿಡಿಎಫ್ ಮಾಡಿಟ್ಟೆ. ಅವಳು ಎದ್ದಳು, ಮೆಟ್ಟಿಲು ಇಳಿದಳು, ಬಸ್ ಸ್ಟ್ಯಾಂಡಿನ ಕಡೆ ನಾಲ್ಕು ಹೆಜ್ಜೆ ಹೋದೋಳು ತಿರುಗಿ ಬಂದಳು.

"ನಂದೂ ಒಂದು ತಗ್ದುಕೊಡವ್ವ. ಒಂದೇ ಒಂದು. ಕಲರ್‌ನಲ್ಲಿ. ಟ್ರಂಕ್‌ನಲ್ಲಿ ಮಡಿಕತ್ತೀನಿ."

ನನ್ನ ಕಲರ್ ಪ್ರಿಂಟರು ಪಿಡಿಎಫ್ಫಿಂದ ಕೊಟ್ಟರೆ ಮಾತ್ರ ಬಣ್ಣ ನೆಟ್ಟಗೆ ಬಿಡುತ್ತೆ. ಹಂಗಾಗಿ "ಅಕ್ಕ" ಅನ್ನೋ ಫೈಲಿಂದಲೂ ಪಿಡಿಎಫ್ ಮಾಡಿ, ಇದ್ದಿದ್ದರಲ್ಲಿ ದಪ್ಪನೇ ಕಾಗದ ಹುಡುಕಿ ಒಂದು ಪ್ರಿಂಟ್ ತೆಗೆದುಕೊಟ್ಟೆ. ಅವಳು ಅದನ್ನ ಊದಿ ಆರಿಸಿ, ಮಡಿಚದೆ, ಬ್ಯಾಗಲ್ಲಿ ಊಟದ ಡಬ್ಬಿ ಒರಗಿಸಿ ನೆಟ್ಟಗೆ ನಿಲ್ಲಿಸಿಕೊಂಡು ಹೋದಳು. ಅವಳು ಹೋದ ಮೇಲೆ ನಾನು ಫೋಲ್ಡರ್ ತೆರೆದೆ. ಉಗ್ರನರಸಿಂಹಸ್ವಾಮಿ ಪ್ರಸನ್ನನಾಗಿ ಒಬ್ಬನೇ ಕೂತಿದ್ದ. ಅದನ್ನೇ ಎತ್ತಿ ಪ್ರೆಸ್ಸಿನವರ ವಾಟ್ಸಾಪಿಗೆ ಹಾಕಿ, ಯಾರ ಮೇಲೆ ಅಂತ ಗೊತ್ತಿಲ್ಲದ ಸಿಟ್ಟಲ್ಲೇ ಶಟರ್ ಎಳೆದೆ.

ಬಂಡಲ್ ಬಂದಿದ್ದು ಒಂದು ಭಾನುವಾರ. ಅವತ್ತು ಅಕ್ಕನಿಗೆ ರಜ, ಅಣ್ಣ ತಂಗಿ ಇಬ್ಬರೂ ಬಂದು ತಗೊಂಡು ಹೋಗ್ತೀವಿ ಅಂದಿದ್ದರು. ಬಂಡಲ್ ಬಿಚ್ಚಿ ಒಂದು ಕಾರ್ಡು ಪೂರ್ತಿ ಓದೋದು ನನ್ನ ಪದ್ಧತಿ. ದೇವರು ಸರಿ. ಹುಡುಗ ಹುಡುಗಿ ಸರಿ. ಮುಹೂರ್ತ ಸರಿ. ಛತ್ರ ಸರಿ. ಕರೆಯೋರ ಜಾಗಕ್ಕೆ ಬಂದೆ. ಅಲ್ಲಿ ಅಕ್ಕನ ಹೆಸರು ಒಂದೇ ಇತ್ತು, ಸುತ್ತ ಧಾರಾಳವಾಗಿ ಜಾಗ ಬಿಟ್ಕೊಂಡು.

ಇನ್ನೊಂದು ಕಾರ್ಡು ನೋಡಿದೆ, ಮತ್ತೊಂದು ನೋಡಿದೆ. ಎಲ್ಲ ಅದೇ. ಕಂಪ್ಯೂಟರ್ ಮುಂದೆ ಕೂತ ಮೇಲೆ ಗೊತ್ತಾಯ್ತು. ನಾನು "ಅಕ್ಕ" "ಅಣ್ಣ" ಅಂತ ಬೇರೆ ಬೇರೆ ಹೆಸರಿಟ್ಟಿದ್ದು ಹಿಟ್ಟಿಗೆ. ಮುದ್ದೆಗೆ ಸಾಫ್ಟ್‌ವೇರು ಮೊದಲ ಸಾಲು ನೋಡಿ ಇಬ್ಬರಿಗೂ ಒಂದೇ ದೇವರ ಹೆಸರಿಟ್ಟಿತ್ತು. ಟ್ರಂಕಿನಲ್ಲಿ ಇಡೋಕೆ ಅಂತ ಆಮೇಲೆ ಮಾಡಿದ ಅಕ್ಕನ ಪಿಡಿಎಫ್ಫು, ಅಣ್ಣನ ಪಿಡಿಎಫ್ಫನ್ನ ತೆಗೆದುಹಾಕಿ ಅದರ ಜಾಗದಲ್ಲಿ ಕೂತಿತ್ತು. ಕೇಳಬೇಡ ಅಂದಿದ್ದೆನಲ್ಲ, ಅದು ಕೇಳಲಿಲ್ಲ. ಪ್ರೆಸ್ಸಿಗೆ ಫೋನ್ ಮಾಡಿದೆ. ಬೇಕಾದರೆ ಹೊಸದಾಗಿ ಹೊಡೆದುಕೊಡ್ತೀವಿ, ಟೈಮಿದೆ ಅಂದರು. ಸ್ವಲ್ಪ ಉಸಿರು ಬಂತು.

ಅಷ್ಟರಲ್ಲಿ ಮೊಪೆಡ್ ನಿಂತ ಸದ್ದು. ಅಣ್ಣ ಮುಂದೆ, ಅಕ್ಕ ಹಿಂದೆ, ಇಬ್ಬರೂ ಒಳಗೆ ಬಂದರು.

"ಅಣ್ಣಾ, ಒಂದು ತಪ್ಪಾಗಿದೆ. ಹೊಸದಾಗಿ ಹೊಡೆಸಿಕೊಡ್ತೀನಿ, ನಿಮಗೇನೂ ಖರ್ಚಿಲ್ಲ" ಅಂತ ಅವರು ಕೂರೋ ಮುಂಚೇನೇ ಒದರಿಬಿಟ್ಟೆ.

ಅವರು ಒಂದು ಕಾರ್ಡು ಎತ್ತಿ, ಕೈ ಉದ್ದ ಮಾಡಿ ದೂರ ಹಿಡಿದು, ತುಟಿ ಆಡಿಸ್ಕೊಂಡು ಓದಿದರು. ಓದ್ತಾ ಓದ್ತಾ ತುಟಿ ನಿಂತಿತು. "ಏನಿದು? ನೀವಿಬ್ರೂ ಸೇರ್ಕಂಡು ನಾಟ್ಕ ಆಡ್ತಿದ್ದೀರಾ?"

"ನನ್ನಾಣೆಗೂ ಅಕ್ಕಂಗೆ ಗೊತ್ತಿಲ್ಲ ಅಣ್ಣ" ಅಂತ ಹಿಟ್ಟು ಮುದ್ದೆ ಸಮೇತ ಎಲ್ಲ ವಿವರಿಸಿದೆ. ಪರದೆ ತೋರಿಸಿದೆ. ಮೊದಲ ಸಾಲು ತೋರಿಸಿದೆ.

"ಅಂದ್ರೆ, ದೇವ್ರೆಸ್ರು ಬರ್ಸಿದ್ದಕ್ಕೆ ಇಂಗಾಯ್ತು ಅಂತೀಯ?"

"ಹೂಂ ಅಣ್ಣ."

"ನಿನ್ ಮನೆ ಕಾಯ್ವಾಗ! ದೇವ್ರ ಮ್ಯಾಲೇ ಆಕ್ಬುಟ್ಯಲ್ಲವ್ವ" ಅಂದರು. ಬೇರೆ ದಿನವಾಗಿದ್ದರೆ ನಾನು ನಕ್ಕಿರ್ತಿದ್ದೆ. "ಒಸಾದಾಗಿ ಒಡ್ಸು. ನಾನ್ ಏಳಿದ್ದಂಗೇ ಒಡ್ಸು."

ಸರಿ ಅಂತ ಫೋನ್ ಕೈಗೆತ್ತಿಕೊಂಡೆ. ಪ್ರೆಸ್ಸಿನವರ ನಂಬರ್ ಒತ್ತಬೇಕು, ಅಷ್ಟರಲ್ಲಿ ಅಕ್ಕ "ಬ್ಯಾಡ" ಅಂದಳು.

ಅವಳು ಆಗಿಂದ ಬಂಡಲಿನ ಪಕ್ಕ ನಿಂತು ಒಂದು ಕಾರ್ಡಿನ ಮೇಲೆ ಬೆರಳಾಡಿಸ್ತಿದ್ದಳು. ಪ್ರೆಸ್ಸಿನವರು ಹೆಸರುಗಳಿಗೆ ಚಿನ್ನದ ಬಣ್ಣದ ಉಬ್ಬು ಅಕ್ಷರ ಹಾಕಿದ್ದರು, ಮುಟ್ಟಿದರೆ ಕೈಗೆ ತಾಗೋದು.

"ಏನ್ ಬ್ಯಾಡ?" ಅಂದರು ಅಣ್ಣ.

"ಒಸಾದು ಬ್ಯಾಡ. ಅವತ್ತು ಪರದೆ ಮ್ಯಾಲಿತ್ತು, ಬ್ಯಾಡ ಅಂದ್ಬುಟ್ಟೆ. ಈಗ ಅಚ್ಚಾಗ್ಬುಟ್ಟೈತೆ ಅಣ್ಣ. ಇದ ನನ್ ಕೈಯಾರೆ ಒಲೆಗಾಕಾಕೆ ಆಗಕ್ಕಿಲ್ಲ ನಂಗೆ."

"ಲೇ, ಅವನೆಸ್ರು?"

"ಇಲ್ದಿರೋನ ಎಸ್ರ ಎಲ್ಲಿಂದ ತರಾನ ಅಣ್ಣ? ಅವಳು ಬಿದ್ದು ಮಂಡಿ ಒಡ್ಕಂಡಾಗ ಇರ್ಲಿಲ್ಲ. ಜ್ವರ ಬಂದಾಗ ಇರ್ಲಿಲ್ಲ. ಕಾರ್ಡ್‌ನಲ್ಲಿ ಮಾತ್ರ ಬಂದು ಮೇಲ್ಗಡೆ ಕೂತ್ಕತ್ತಾನಾ?" ಕಾರ್ಡಿಂದ ಬೆರಳು ತೆಗೀಲಿಲ್ಲ. "ನೀನ್ ಬರ್ಲಿಲ್ಲ ಅಂದ್ರೆ ನಂಗೆ ಕೈ ಮುರ್ದಂಗಾಯ್ತದೆ. ಆದ್ರೂ ಇದ ಬದ್ಲಾಯ್ಸಕ್ಕಿಲ್ಲ."

ಅಣ್ಣ ಬೆಂಚಿನ ಮೇಲೆ ಕೂತುಬಿಟ್ಟರು. ಟವೆಲ್ಲು ಹೆಗಲಿಂದ ತೆಗೆದು ಮುಖ ಒರೆಸಿಕೊಂಡು, ತೊಡೆ ಮೇಲೆ ಹಾಕ್ಕೊಂಡರು. ಅಷ್ಟೊತ್ತಿಗೆ ಯಾರೋ ಆಧಾರ್ ಜೆರಾಕ್ಸ್ ಅಂತ ಬಂದರು. "ಮಿಷನ್ ಕೆಟ್ಟಿದೆ, ಆಮೇಲ್ ಬಾಪ್ಪ" ಅಂತ ಕಳಿಸಿದೆ. ಮಿಷನ್ನು ಅವರ ಮುಂದೇನೇ ಲೈಟ್ ಬಿಟ್ಕೊಂಡು ಸದ್ದು ಮಾಡ್ತಿತ್ತು.

 ಅಣ್ಣ ಎದ್ದು ಹೊರಟುಬಿಡ್ತಾರೆ, ಇವಳ ಮದುವೆ ಮನೇಲಿ ಧಾರೆ ಎರೆಯೋರಿಲ್ಲದ ಹಾಗಾಗುತ್ತೆ ಅಂತ ನನಗೆ ಭಯ ಹತ್ತಿತ್ತು. ಕೊನೆಗೆ ಅವರು ಮಾತಾಡಿದ್ದು ನನ್ನ ಹತ್ರ, ತಂಗಿ ಮುಖ ನೋಡಲಿಲ್ಲ.

"ಆ ಗಂಡ ಹುಡ್ಕಂಬಂದೋನು ನಾನೇ ಕಣವ್ವ. ಅಪ್ಪ ಬ್ಯಾಡ ಅಂದಿದ್ರು. ಒಳ್ಳೆ ಸಂಬಂಧ ಅಂತ ನಾನೇ ಅಟ ಮಾಡಿ ಮಾಡ್ದೆ. ಅವನೆಸ್ರಿಲ್ದೆ ಈ ಕಾರ್ಡು ಊರಿಗೆಲ್ಲ ಕೊಟ್ರೆ, ಎಲ್ರೂ ಅವ್ಳೆಸ್ರು ಓದಕ್ಕಿಲ್ಲ. ನಾನ್ ಮಾಡಿದ್ ಕೆಲ್ಸ ಓದ್ತಾರೆ."

 ಇಷ್ಟು ದಿನ ಈ ಮನುಷ್ಯನ್ನ ಮನಸ್ಸಲ್ಲೇ ಎಷ್ಟು ಬೈದಿದ್ದೆನೋ, ಎಲ್ಲ ನೆನಪಾಯ್ತು. ಪಾಪ ಅನ್ನಿಸಿತು, ಸಿಟ್ಟೂ ಪೂರ್ತಿ ಹೋಗಿರಲಿಲ್ಲ.

ಅಕ್ಕ ಅವರ ಪಕ್ಕ ಬೆಂಚಿನ ಮೇಲೆ ಕೂತಳು. "ಓದ್ಲಿ ಬುಡಣ್ಣ" ಅಂದಳು. "ಇಷ್ಟ್ ವರ್ಸ ಎಲ್ರೂ ನನ್ನ ಓದ್ಲಿಲ್ವಾ? ನಾನೇನ್ ಸತ್ತೋದ್ನಾ?"

ಅಣ್ಣ ತಲೆ ಎತ್ತಲಿಲ್ಲ. ಅವರ ಕೈ ಮಾತ್ರ ಟವೆಲ್ಲಿನ ಅಂಚನ್ನ ಸುತ್ತೋದು, ಬಿಚ್ಚೋದು, ಮತ್ತೆ ಸುತ್ತೋದು ಮಾಡ್ತಿತ್ತು.  ಅಕ್ಕ ಬಂಡಲಿಂದ ಒಂದು ಕಾರ್ಡು ತೆಗೆದು, ಎರಡು ಕೈಲೂ ಹಿಡಿದು ಅವರ ಮುಂದೆ ಚಾಚಿದಳು.

"ಅಣ್ಣ, ನನ್ ಮಗಳ ಮದ್ವೆ. ನೀನೂ ಅತ್ಗೆನೂ ಬರ್ಬೇಕು."

ಅಣ್ಣ ಆ ಕಾರ್ಡು ನೋಡಿದರು. ಮುಟ್ಟಲಿಲ್ಲ. 

"ಸ್ವಾದರಮಾವನ್ನ ಕರಿಯೋ ಪದ್ಧತಿ ಇದೇನೇ?" ಅಂತ ಗದರಿದರು. ದನಿ ಒಡೆದುಹೋಗಿತ್ತು. "ಜೆರಾಕ್ಸ್ ಅಂಗ್ಡಿ ಬೆಂಚಲ್ಲಿ ಕೊಟ್ರೆ ನಾನ್ ತಕ್ಕತ್ತೀನಾ? ದೇವ್ರ ಮುಂದೆ ಒಂದ್ ಕಾರ್ಡ್ ಮಡಗಿ, ಅರಿಶಿನ ಕುಂಕುಮ ತಟ್ಟೇಲಿಟ್ಕಂಡು ಮನೆ ಬಾಗ್ಲಿಗ್ ಬಂದು ಕರಿ."

ಅಕ್ಕ ಕಾರ್ಡನ್ನ ನಿಧಾನವಾಗಿ ವಾಪಸ್ ತಗೊಂಡಳು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ. "ಬತ್ತೀನಿ. ನಾಳೆ ಬೆಳಗ್ಗೇನೇ ಬತ್ತೀನಿ."

ಮದುವೆಗೆ ಕರೆಯೋಕೆ ನಮ್ಮಲ್ಲಿ ಗಂಡ ಹೆಂಡತಿ ಜೋಡಿಯಾಗಿ ಹೋಗಬೇಕು, ಅದು ಶಾಸ್ತ್ರ. ಅವಳ ಕೆಲಸಕ್ಕೆಲ್ಲ ಇಷ್ಟು ವರ್ಷ ಅಣ್ಣ ಅತ್ತಿಗೇನೇ ಜೋಡಿಯಾಗಿ ನಿಂತಿದ್ದೋರು. ಅಣ್ಣ ಎದ್ದು ಬಂಡಲ್ ಎತ್ತಿ ಹೆಗಲ ಮೇಲೆ ಇಟ್ಕೊಂಡು, ಬಾಗಿಲ ಹತ್ರ ನಿಂತು ಕೇಳಿದರು.

"ಜೊತೇಲಿ ಯಾರು ಬತ್ತಾರೆ?"

"ಯಾರೂ ಇಲ್ಲ" ಅಂದಳು ಅಕ್ಕ. "ನಾನೊಬ್ಳೇ ಬತ್ತೀನಿ."

ಅಣ್ಣ ಅವಳನ್ನ ಒಂದು ಗಳಿಗೆ ನೋಡಿದರು.

"ಬಾ" ಅಂದರು.